ಹೆಸರು ಗೊತ್ತಿಲ್ಲದ ಇತರರು

ಎಲ್ಲ ರಂಪಕ್ಕೂ ಕಾರಣ ಅಚ್ಚಾದ ಒಂದು ಹಾಳೆ. ಅದು ಎರಡು ವಾರದಿಂದ ಹೆಸ್ಟರ್ ಕ್ಲೆಗ್‌ಳ ಪೈ ಅಂಗಡಿಯಲ್ಲಿ, ಹಿಟ್ಟಿನ ಪೆಟ್ಟಿಗೆಯ ಕೆಳಗೆ, ಯಾರಿಗೂ ತೊಂದರೆ ಕೊಡದೆ ಮಲಗಿತ್ತು. ಪೆಟ್ಟಿಗೆಯ ಒಂದು ಕಾಲು ಗಿಡ್ಡ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅದರಡಿ ಇಟ್ಟ ಮೇಲೆ ಅಲುಗಾಟ ನಿಂತಿತ್ತು. ಕೋರ್ಟಿನ ಕಾಗದದಿಂದ ನಮ್ಮ ಬೀದಿಯಲ್ಲಿ ಒಬ್ಬರಿಗೆ ಉಪಕಾರವಾದದ್ದು ಅದೇ ಮೊದಲು.

ಆದರೆ ಆ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ವಿಚಾರಣೆ. ನ್ಯಾಯಾಧೀಶರ ಮುಂದೆ ನಿಂತು ಬಾಯಿ ಬಿಡಬೇಕಾದವಳು ತಾನು. ಅದರಲ್ಲಿ ಏನು ಬರೆದಿದೆ ಎಂದು ತಿಳಿದಿರುವುದು ಒಳ್ಳೆಯದು ಎಂದು ಹೆಸ್ಟರ್‌ಗೆ ಅನ್ನಿಸಿತು. ಅವಳಿಗೆ ಓದು ಬಾರದು. ಹಾಳೆಯನ್ನು ಎಳೆದು, ಹಿಟ್ಟು ಕೊಡವಿ, ಹಿತ್ತಲಿಗೆ ಎದುರಿನ ಮನೆಯ ಜೋಬ್ ಪಿಲ್ಲಿಂಗ್ ಕೈಗೆ ಕೊಟ್ಟಳು.

ಪಿಲ್ಲಿಂಗ್ ಮರದ ಪಾದರಕ್ಷೆ ಮಾಡುವವನು. ಭಾನುವಾರ ಚಾಪೆಲ್ಲೆಂಬ ಪ್ರಾರ್ಥನಾಮಂದಿರದಲ್ಲಿ ದೊಡ್ಡವರಿಗೆ ಪಾಠ ಹೇಳುತ್ತಾನೆ. ಅಚ್ಚಾದ ಏನನ್ನೇ ಆಗಲಿ ಕೇಳಿದವರಿಗೂ ಕೇಳದವರಿಗೂ ಓದಿ ಹೇಳುವ ಗುಣ ಅವನದು. ಆಗ ಬೆಳಿಗ್ಗೆ ಎಂಟು ಗಂಟೆ, ಗಿರಣಿಯವರಿಗೆ ತಿಂಡಿಗೆಂದು ಅರ್ಧ ಗಂಟೆ ಬಿಡುವು, ಅಂಗಡಿಯ ಮುಂದೆ ಇಪ್ಪತ್ತು ಜನರ ಸಾಲು. ಪಿಲ್ಲಿಂಗ್ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಭಾನುವಾರದ ದನಿಯಲ್ಲೇ ಓದಿದ:

“ಪ್ರತಿವಾದಿಯಾದ ಹೆಸ್ಟರ್ ಕ್ಲೆಗ್ ಎಂಬಾಕೆಯು, ವಾದಿಗೆ ಇನ್ನೂ ಹೆಸರು ಗೊತ್ತಿಲ್ಲದ ಇತರ ಹಲವರೊಡನೆ ಸೇರಿ, ಒಳಸಂಚು ಮಾಡಿ, ವಾದಿಯನ್ನು ವಂಚಿಸಿ ಪೀಡಿಸುವ ದುರುದ್ದೇಶದಿಂದ—”

ಸಾಲಿನಲ್ಲಿ ಪೈ ಅಗಿಯುವ ಸದ್ದು ನಿಂತಿತು.

ಈಗ ಸ್ವಲ್ಪ ಹಿಂದಿನ ಕತೆ ಹೇಳಬೇಕು. ನಮ್ಮ ಬ್ರಾಕ್‌ಡೇಲ್ ಸೀಮೆಗೆ ಲಂಡನ್ನಿನ ಹಂಗಿಲ್ಲದ ಸ್ವಂತದ ಚಾನ್ಸರಿ ಕೋರ್ಟು, ಎಂದರೆ ಉಯಿಲು ಆಸ್ತಿಗಳ ತಕರಾರು ಕೇಳುವ ಕೋರ್ಟು, ಒಂದಿದೆ. ಲಂಡನ್ನಿನವರು ಮೂವತ್ತು ವರ್ಷ ಎಳೆಯುವ ವ್ಯಾಜ್ಯವನ್ನು ನಮ್ಮವರು ಹದಿನೈದೇ ವರ್ಷದಲ್ಲಿ ಮುಗಿಸುತ್ತಾರೆಂದು ನಮಗೆಲ್ಲ ಹೆಮ್ಮೆ. ಹೆಸ್ಟರಳ ವ್ಯಾಜ್ಯಕ್ಕೆ ಇನ್ನೂ ಏಳೇ ವರ್ಷ. ಅದೂ ಜಗಳದ ವ್ಯಾಜ್ಯವಲ್ಲ, ಸ್ನೇಹದ ವ್ಯಾಜ್ಯ. ಅವಳ ಗಂಡ ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡ. ಮರುವರ್ಷ ಮಾವನೂ ಹೋದ. ಹೋಗುವಾಗ ಒಂದು ಉಯಿಲು ಬರೆದಿಟ್ಟಿದ್ದ. ಮೂರನೆಯ ಸಾಲಿನಲ್ಲಿ, ‘ನನ್ನ ಒಲೆ ನನ್ನ ಸೊಸೆಗೆ, ಅವಳು ಬದುಕಿರುವವರೆಗೆ’ ಎಂದಿತ್ತು. ಏಳನೆಯ ಸಾಲಿನಲ್ಲಿ, ‘ನನ್ನ ಮನೆ, ಮನೆಗೆ ಸೇರಿದ್ದೆಲ್ಲ, ಅವಳು ವಿಧವೆಯಾಗಿರುವವರೆಗೆ ಅವಳಿಗೆ; ಆಮೇಲೆ ನನ್ನ ಕಿರಿಮಗ ಏಮಸ್‌ಗೆ’ ಎಂದಿತ್ತು. ಹಾಗಾದರೆ ಹೆಸ್ಟರ್ ಇನ್ನೊಂದು ಮದುವೆಯಾದರೆ, ಅವಳು ಪೈ ಬೇಯಿಸಿ ಬದುಕುವ ಆ ಒಲೆ ಯಾರದ್ದು? ಒಲೆ ಮನೆಗೆ ಸೇರಿದ್ದೋ, ಬೇರೆಯೋ? ಬರೆದವನನ್ನು ಕೇಳೋಣವೆಂದರೆ ಅವನು ಚಾಪೆಲ್ಲಿನ ಹಿಂದೆ ಮಣ್ಣಿನಡಿ ಇದ್ದ.

ಏಮಸ್ ಸಂಭಾವಿತ, ಅತ್ತಿಗೆ ಎಂದರೆ ತಾಯಿಯ ಸಮಾನ ಎನ್ನುವವನು. ಇಬ್ಬರೂ ಕೂತು ಮಾತಾಡಿ, ಕೋರ್ಟು ಏನು ಹೇಳುತ್ತದೋ ಕೇಳಿಬಿಡೋಣ ಎಂದುಕೊಂಡರು. ಕೋರ್ಟನ್ನು ಕೇಳಬೇಕಾದರೆ ಒಬ್ಬರ ಮೇಲೊಬ್ಬರು ದಾವೆ ಹಾಕಬೇಕಲ್ಲ? ಏಮಸ್ ವಾದಿಯಾದ, ಹೆಸ್ಟರ್ ಪ್ರತಿವಾದಿಯಾದಳು. ಇಬ್ಬರೂ ಒಂದೇ ಗಾಡಿಯಲ್ಲಿ ವಕೀಲರ ಮನೆಗೆ ಹೋಗಿ ಬಂದರು.

ದಾವೆ ಬರೆದವನು ವಕೀಲ ಇಶರ್‌ವುಡ್ ಅವರ ಗುಮಾಸ್ತ ಜೇಬೆಸ್ ಹೋಲ್ಡನ್. ನಲವತ್ಮೂರರ ಬ್ರಹ್ಮಚಾರಿ, ಒಂದು ಭುಜ ಇನ್ನೊಂದಕ್ಕಿಂತ ಮೇಲೆ, ಬಲಗೈ ನಡುಬೆರಳಿಗೆ ಶಾಯಿಯ ಗಂಟು. ಇಪ್ಪತ್ತು ವರ್ಷದಿಂದ ಕುರಿಚರ್ಮದ ಹಾಳೆಯ ಮೇಲೆ ಕೋರ್ಟಿನ ಕೊಂಕು ಅಕ್ಷರದಲ್ಲಿ ಅರ್ಜಿ ಬರೆಯುವುದೇ ಅವನ ಕಸುಬು. ಆ ಅಕ್ಷರವನ್ನು ಬರೆದವನು, ಓದುವ ಇನ್ನೊಬ್ಬ ಗುಮಾಸ್ತ ಮತ್ತು ದೇವರು, ಈ ಮೂವರನ್ನು ಬಿಟ್ಟರೆ ಬೇರೆ ಯಾರೂ ಓದಲಾರರು. ವ್ಯಾಜ್ಯದ ಸಂಗತಿ ತಿಳಿಸಿ ಬರುತ್ತೇನೆಂದು ಅವನು ಒಂದು ಶುಕ್ರವಾರ ಸಂಜೆ ಹೆಸ್ಟರಳ ಹಿತ್ತಲ ಅಡುಗೆಮನೆಗೆ ಹೋದ. ಅವಳು ಬಿಸಿ ಆಲೂಗಡ್ಡೆ ಪೈ, ಚಹಾ ಕೊಟ್ಟಳು. ಮುಂದಿನ ಶುಕ್ರವಾರವೂ ಹೋದ. ನಾಲ್ಕು ವರ್ಷ ಹೀಗೆ ನಡೆದ ಮೇಲೆ, ಅಂದರೆ ಈಗ್ಗೆ ಮೂರು ವರ್ಷದ ಹಿಂದೆ, ಚಹಾದ ಬಟ್ಟಲು ನೋಡುತ್ತಾ, ನಾವಿಬ್ಬರೂ ಮದುವೆಯಾಗಬಹುದಲ್ಲ ಎಂದು ಕೇಳಿದ. ಹೆಸ್ಟರ್ ಕಿಟಕಿಯಾಚೆ ಒಲೆಯ ಕಡೆ ನೋಡಿದಳು. “ಕೇಸು ಮುಗೀಲಿ ಮಿಸ್ಟರ್ ಹೋಲ್ಡನ್, ಆಮೇಲೆ ಹೇಳ್ತೀನಿ” ಎಂದಳು.

ಅಂದಿನಿಂದ ಆ ವ್ಯಾಜ್ಯ ಮುಗಿಯಲೆಂದು ಇಡೀ ಸೀಮೆಯಲ್ಲಿ ಅವನಷ್ಟು ಬೇಡಿಕೊಂಡವರಿಲ್ಲ.

ಹಾಗಿರುವಾಗ ಹೊಸ ಕಾಯಿದೆ ಬಂತು. ಕುರಿಚರ್ಮ ಬೇಡ, ಕಾಗದ ಸಾಕು. ಕೊಂಕು ಅಕ್ಷರ ಬೇಡ, ಅಚ್ಚು ಹಾಕಿಸಿ ಪ್ರತಿವಾದಿಯ ಮನೆಗೇ ಮುಟ್ಟಿಸಿ. ಸಾಕ್ಷಿಗಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಬರೆದುಕೊಳ್ಳುವುದು ಬೇಡ, ನ್ಯಾಯಾಧೀಶರ ಮುಂದೆ ಬಾಯಲ್ಲೇ ಹೇಳಲಿ. ಊರಿನ ಗುಮಾಸ್ತರೆಲ್ಲ ಸೂತಕದ ಮುಖ ಮಾಡಿಕೊಂಡರು. ಅವರಲ್ಲಿ ಹಿರಿಯ, ಜೇಬೆಸನ ಕಚೇರಿಯವನೇ ಆದ ನಲವತ್ತು ವರ್ಷದ ಅನುಭವಸ್ಥ ಪಾರ್, ಲೇಖನಿಯನ್ನು ಒರೆಸಿಟ್ಟು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಜೇಬೆಸ್ ಒಬ್ಬನೇ ಕಚೇರಿಯ ಮೆಟ್ಟಿಲ ಮೇಲೆ ಟೋಪಿ ಹಾರಿಸಿದ. ಅದೇ ವಾರ ಕ್ಲೆಗ್ ವ್ಯಾಜ್ಯವನ್ನು ಹೊಸ ನಮೂನೆಗೆ ಇಳಿಸಲು ಕೂತ. ಎಂಬತ್ತು ಹಾಳೆಯದನ್ನು ಒಂದೇ ಹಾಳೆಗೆ ತಂದ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕೈಗೆ ಹತ್ತಿದ ಗುಣವೂ ಹಾಗೆಯೇ. ಚಾನ್ಸರಿ ಅರ್ಜಿ ಎಂದರೆ ಆ ಒಳಸಂಚಿನ ಸಾಲು ಇರಲೇಬೇಕು, ಸಾರಿಗೆ ಉಪ್ಪು ಇದ್ದ ಹಾಗೆ. ಮಗ ತಾಯಿಯ ಮೇಲೆ ಹಾಕಿದರೂ ಸರಿ, ಊರು ಪಾದ್ರಿಯ ಮೇಲೆ ಹಾಕಿದರೂ ಸರಿ, ಪ್ರತಿವಾದಿ ಯಾವಾಗಲೂ ಹೆಸರು ಗೊತ್ತಿಲ್ಲದ ಇತರರೊಡನೆ ಸಂಚು ಮಾಡಿಯೇ ಇರಬೇಕು. ಹೊಸ ಕಾಯಿದೆಯಲ್ಲಿ ಆ ಸಾಲು ಬೇಕಿರಲಿಲ್ಲ. ಜೇಬೆಸನ ತಲೆಗೆ ಅದು ಗೊತ್ತಿತ್ತು, ಕೈಗೆ ಯಾರೂ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಬೂಟಿಗೆ ಎರಡು ಸಲ ಕಪ್ಪು ಹಚ್ಚಿ, ಎಂದಿನಂತೆ ತಿಂಡಿಯ ಪೈಗೆಂದು ಅಂಗಡಿಗೆ ಬಂದ. ಸಾಲಿನಲ್ಲಿದ್ದವರು ಅವನಿಗೆ ದಾರಿ ಬಿಟ್ಟರು. ಹೆಸ್ಟರ್ ಕಪಾಟಿನ ಹಿಂದಿನಿಂದ ಒಂದು ಪೈ ತೆಗೆದು ಕೊಟ್ಟಳು. ಅದು ತಣ್ಣಗಿತ್ತು, ನಿನ್ನೆಯದು. ಏಳು ವರ್ಷದಲ್ಲಿ ಅವನ ಕೈಗೆ ತಣ್ಣನೆಯ ಪೈ ಬಂದಿರಲಿಲ್ಲ. ಏನೋ ಅನಾಹುತವಾಗಿದೆ ಎಂದು ಆಗಲೇ ತಿಳಿಯಿತು.

“ಮಿಸ್ಟರ್ ಹೋಲ್ಡನ್, ನಾನು ಯಾರ ಜೊತೆ ಸಂಚು ಮಾಡ್ದೆ?” ಎಂದಳು ಹೆಸ್ಟರ್.

ಜೇಬೆಸ್ ಹಾಳೆಯನ್ನು ನೋಡಿದ. ತನ್ನದೇ ಸಾಲು, ಅಚ್ಚಿನಲ್ಲಿ, ದುಂಡಗೆ. ಅದು ಬರೀ ವಾಡಿಕೆ, ಅದಕ್ಕೆ ಅರ್ಥವೇ ಇಲ್ಲ ಎಂದು ತೊದಲಿದ. ಅರ್ಥವಿಲ್ಲದ್ದನ್ನು ಯಾಕೆ ಬರೆದಿರಿ ಎಂದಳು ಅವಳು. ಎಲ್ಲರ ಮೇಲೂ ಹಾಗೇ ಬರೆಯುತ್ತೇವೆ, ಬಿಷಪ್ಪರ ಮೇಲೂ ಬರೆದಿದ್ದೇವೆ ಎಂದ ಇವನು.

“ಬಿಷಪ್ಪರು ಯಾರ ಜೊತೆ ಸಂಚು ಮಾಡಿದ್ರು?” ಎಂದು ಪಿಲ್ಲಿಂಗ್ ಆಸಕ್ತಿಯಿಂದ ಕೇಳಿದ. ಅವನು ಬಿಷಪ್ಪರ ಪಂಗಡದವನಲ್ಲ.

“ಏಳು ವರ್ಷದ ಹಿಂದಿನ ಚರ್ಮದ ಹಾಳೇಲೂ ಹೀಗೇ ಇತ್ತಾ?” ಹೆಸ್ಟರ್ ಅವನ ಕಣ್ಣು ತಪ್ಪಿಸಲು ಬಿಡಲಿಲ್ಲ.

ಜೇಬೆಸ್ ಸುಳ್ಳು ಹೇಳಲಾರದವನು. ಇತ್ತು ಎಂದ.

“ಅಂದ್ರೆ ಮೊದಲನೇ ಶುಕ್ರವಾರ ನನ್ನ ಪೈ ತಿಂದಾಗಲೇ ಇದನ್ನ ಬರೆದಿಟ್ಟು ಬಂದಿದ್ರಿ.”

ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಗಿರಣಿಯ ಗಂಟೆ ಹೊಡೆಯಿತು. ಸಾಲು ಚದುರಿ, ಇಪ್ಪತ್ತು ಬಾಯಿಗಳು ಇಪ್ಪತ್ತು ಕಡೆಗೆ ಹೋದವು.

ಹತ್ತು ಗಂಟೆಗೆ ಏಮಸ್ ಕ್ಲೆಗ್ ಕಚೇರಿಗೆ ಬಂದ. ಬಡಪಾಯಿಯನ್ನು ದಾರಿಯುದ್ದಕ್ಕೂ ಜನ ನಿಲ್ಲಿಸಿ, ತಾಯಿಯಂಥ ಅತ್ತಿಗೆಯ ಮೇಲೆ ಇಂಥ ಮಾತಾಡಿದೆಯಲ್ಲ ಎಂದು ಉಗಿದಿದ್ದರು. ಅವನಿಗೆ ಸಿಟ್ಟಿಗಿಂತ ಅಳು ಬಂದಿತ್ತು. ಇಶರ್‌ವುಡ್ ಸಾಹೇಬರು ಆಗಲೇ ಕೋರ್ಟಿಗೆ ಹೋಗಿದ್ದರು. ಜೇಬೆಸ್ ಪಾರ್‌ನ ಮೇಜಿನ ಮುಂದೆ ನಿಂತು, ಮಧ್ಯಾಹ್ನ ಎರಡು ಗಂಟೆಯೊಳಗೆ ಆ ಒಂದು ಸಾಲನ್ನು ತೆಗೆಸಲು ಆಗುತ್ತದೆಯೇ ಎಂದು ಬೇಡಿಕೊಂಡ.

ಪಾರ್ ಮುದುಕ ಬಹಳ ದಿನದ ಮೇಲೆ ನಕ್ಕ. ಹಳೆಯ ಪದ್ಧತಿಯಲ್ಲಾದರೆ ಒಂದು ಸಾಲು ತೆಗೆಯಲು ಎರಡು ವರ್ಷ ಬೇಕಿತ್ತು, ಅಷ್ಟರಲ್ಲಿ ಎಲ್ಲರ ಸಿಟ್ಟೂ ಇಳಿಯುತ್ತಿತ್ತು ಎಂದ. ಹೊಸ ಕಾಯಿದೆಯಲ್ಲಿ ಅರ್ಧ ಗಂಟೆ ಸಾಕಂತೆ. ವಾದಿ ಆಣೆ ಮಾಡಿ ಪ್ರಮಾಣಪತ್ರ ಕೊಟ್ಟರಾಯಿತು: ಹೆಸರು ಗೊತ್ತಿಲ್ಲದ ಅಂಥವರು ಯಾರೂ ಇಲ್ಲ ಎಂದು.

ಜೇಬೆಸ್ ಕೂಡಲೇ ಬರೆದು ಏಮಸ್‌ನ ಮುಂದೆ ಹಿಡಿದ. ಏಮಸ್ ಲೇಖನಿ ಹಿಡಿದವನು ಹಾಗೇ ನಿಂತ. ಅವನೂ ಪಿಲ್ಲಿಂಗ್‌ನ ಪಾಠದವನೇ, ಆಣೆ ಎಂದರೆ ಮೈಯೆಲ್ಲ ನಡುಕ.

“ಅಲ್ಲ ಮಾರಾಯ, ನನಗೆ ಗೊತ್ತಿಲ್ಲದೋರು ಇಲ್ಲ ಅಂತ ನಾನು ಹೇಗೆ ಆಣೆ ಮಾಡ್ಲಿ? ಇದ್ರೂ ಇರಬಹುದು. ನನಗೆ ಗೊತ್ತಿಲ್ಲ ಅಷ್ಟೆ. ಅದನ್ನೇ ತಾನೇ ನೀನು ಬರೆದಿರೋದು?”

ಜೇಬೆಸ್ ಹಣೆ ಹಣೆ ಬಡಿದುಕೊಂಡ. ಅತ್ತಿಗೆ ಅಂಥವಳಲ್ಲ ಎಂದು ನಿನಗೆ ಗೊತ್ತಿಲ್ಲವೇ ಎಂದ. ಅತ್ತಿಗೆ ಅಂಥವಳಲ್ಲ, ನಿಜ, ಆದರೆ ಉಳಿದವರ ಬಗ್ಗೆ ನಾನು ಹೇಗೆ ಹೇಳಲಿ ಎಂದು ಏಮಸ್ ಟೋಪಿ ಹಾಕಿಕೊಂಡು ಹೊರಟ. ಬೀದಿಯವರೇ ಬರೆದುಕೊಟ್ಟರೆ ತಾನೂ ಆಣೆ ಮಾಡಲು ಅಡ್ಡಿಯಿಲ್ಲ ಎಂದು ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದ.

ಹೀಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಗಿ, ಹನ್ನೊಂದೂವರೆಗೆ ಜೇಬೆಸ್ ಒಂದು ಕಾಗದ ಹಿಡಿದು ಬೀದಿಯ ಮನೆಮನೆ ಹತ್ತಿದ. ‘ನಾವು ಯಾರೂ ಹೆಸ್ಟರ್ ಕ್ಲೆಗ್‌ಳೊಡನೆ ಸಂಚು ಮಾಡಿಲ್ಲ’ ಎಂಬ ಒಂದೇ ಸಾಲು. ಅದರ ಕೆಳಗೆ ಬೀದಿಯವರ ರುಜು ಬೇಕು. ಇಷ್ಟು ಕೆಟ್ಟ ಉಪಾಯ ಇಪ್ಪತ್ತು ವರ್ಷ ಕಾನೂನಿನ ಮನೆಯಲ್ಲಿದ್ದವನಿಗೆ ಮಾತ್ರ ಹೊಳೆಯಲು ಸಾಧ್ಯ. ಅಲ್ಲಿಯವರೆಗೆ ಯಾರನ್ನೂ ಯಾರೂ ಅನುಮಾನಿಸಿರಲಿಲ್ಲ. ರುಜು ಹಾಕು ಎಂದ ಕೂಡಲೇ, ಪಕ್ಕದ ಮನೆಯವರು ಹಾಕಿದರೋ ಎಂದು ಪ್ರತಿಯೊಬ್ಬರೂ ಕೇಳತೊಡಗಿದರು. ಹಾಕದವರ ಮೇಲೆ ಹಾಕಿದವರಿಗೆ ಗುಮಾನಿ. ಮೊದಲು ಹಾಕಿದವರ ಮೇಲೆ, ಇವರಿಗೇಕೆ ಇಷ್ಟು ಅವಸರ ಎಂದು ಎಲ್ಲರಿಗೂ ಗುಮಾನಿ.

ಕೊನೆಯ ಬಾಗಿಲು ಪಿಲ್ಲಿಂಗ್‌ನದು. ಅವನು ಕೈಯಲ್ಲಿದ್ದ ಮರದ ಅಟ್ಟೆಯನ್ನು ಕೆಳಗಿಟ್ಟು, ಕಾಗದವನ್ನು ಎರಡು ಸಲ ಓದಿ, ಮಡಿಸಿ ವಾಪಸು ಕೊಟ್ಟ.

“ಇದರಲ್ಲಿ ಒಬ್ಬನ ರುಜು ಇಲ್ಲವಲ್ಲಪ್ಪಾ ಜೇಬೆಸ್.”

“ಯಾರದು?”

“ಏಳು ವರ್ಷದಿಂದ ಪ್ರತಿ ಶುಕ್ರವಾರ ಸಂಜೆ ಒಬ್ಬ ಅವಳ ಹಿತ್ತಲ ಬಾಗಿಲಿಗೆ ಬರ್ತಾನೆ. ಒಂದು ಗಂಟೆ ಒಳಗಿರ್ತಾನೆ. ಇಲ್ಲಿ, ಈ ಕಿಟಕಿಯಿಂದ ನಾನು ನೋಡ್ತಾನೇ ಇದೀನಿ. ಅವನು ವಾದಿ ಕಡೆ ವಕೀಲರ ಗುಮಾಸ್ತ. ಪ್ರತಿವಾದಿ ಮನೇಲಿ ಅವನಿಗೇನು ಕೆಲಸ?” ಎಂದ ಪಿಲ್ಲಿಂಗ್. ದನಿಯಲ್ಲಿ ದ್ವೇಷವಿರಲಿಲ್ಲ, ಬರೀ ದುಃಖವಿತ್ತು. ಸಜ್ಜನರ ದುಃಖ ದುರ್ಜನರ ದ್ವೇಷಕ್ಕಿಂತ ದೂರ ಹೋಗುತ್ತದೆ. ಕಾಯಿದೆ ಹೇಗೂ ಬಾಯಿಮಾತಿನ ಸಾಕ್ಷಿಗೆ ಅವಕಾಶ ಕೊಟ್ಟಿದೆ, ತಾನು ತನ್ನ ಕರ್ತವ್ಯ ಮಾಡುವವನೇ ಎಂದು ಅವನು ಕೋಟು ತೊಟ್ಟ.

ಎರಡು ಗಂಟೆಗೆ ಕೋರ್ಟಿನಲ್ಲಿ ಜಾಗವಿರಲಿಲ್ಲ. ಗಿರಣಿಗೆ ಹೋಗದವರೆಲ್ಲ ಬಂದಿದ್ದರು. ಹೆಂಗಸರ ಶಾಲುಗಳ ಒದ್ದೆ ಉಣ್ಣೆಯ ವಾಸನೆ, ಮರದ ಪಾದರಕ್ಷೆಗಳ ಸದ್ದು. ಹಿಂದೆಲ್ಲ ಈ ಕೋರ್ಟಿಗೆ ನೋಡಲು ಬರುವವರು ಯಾರಿದ್ದರು? ಎಲ್ಲ ಮುಚ್ಚಿದ ಕೋಣೆಯಲ್ಲಿ, ಶಾಯಿಯಲ್ಲಿ ನಡೆಯುತ್ತಿತ್ತು. ನ್ಯಾಯಾಧೀಶರು ನೆಗಡಿಯಾದ ಮೃದು ಸ್ವಭಾವದ ಮನುಷ್ಯ. ಇಷ್ಟು ಜನ ಕಂಡು ಅವರಿಗೆ ಸಂತೋಷವೇ ಆದಂತಿತ್ತು.

ಅವರು ಹಾಳೆ ಓದಿದರು. ಆ ಸಾಲಿಗೆ ಬಂದು ನಿಂತರು. ಈ ಹೆಸರು ಗೊತ್ತಿಲ್ಲದ ಇತರರು ಯಾರು ಎಂದು ಕೇಳಿದರು. ಅದು ಹಳೆಯ ವಾಡಿಕೆಯ ಮಾತು ಎಂದು ಇಶರ್‌ವುಡ್ ಸಾಹೇಬರು ಜೇಬೆಸನತ್ತ ಉರಿನೋಟ ಬೀರುತ್ತಾ ಹೇಳಿದರು. ವಾಡಿಕೆ ರದ್ದಾಗಿದೆ, ಹಾಗಾಗಿ ಬರೆದದ್ದು ನಿಜವೆಂದೇ ನಾನು ತಿಳಿಯಬೇಕು ಎಂದರು ನ್ಯಾಯಾಧೀಶರು.

ಪಿಲ್ಲಿಂಗ್ ಎದ್ದು ನಿಂತ. “ಸ್ವಾಮಿ, ನನಗೆ ಗೊತ್ತು. ಅಗೋ, ಆ ಮೂಲೇಲಿ ಕೂತಿದಾನೆ.”

ಜೇಬೆಸ್ ಎಷ್ಟೋ ಸಾಕ್ಷಿಗಳ ಮಾತನ್ನು ಅಂದವಾಗಿ ನಕಲು ಮಾಡಿದವನು. ತಾನೇ ಸಾಕ್ಷಿಯ ಕಟಕಟೆಯಲ್ಲಿ ನಿಂತಾಗ ಮಾತು ಹೇಗೆ ಬರುತ್ತದೆಂದು ಅವನಿಗೆ ಆವತ್ತೇ ತಿಳಿದದ್ದು. ಶುಕ್ರವಾರ ಹೋಗುವುದು ನಿಜವೇ ಎಂದರು ನ್ಯಾಯಾಧೀಶರು. ನಿಜ ಎಂದ. ಯಾಕೆ ಎಂದರು.

“ಕೇಸು ಏನಾಯ್ತು ಅಂತ ಹೇಳೋಕೆ, ಸ್ವಾಮಿ.”

“ಏಳು ವರ್ಷ, ಪ್ರತಿ ವಾರ? ಅಷ್ಟೊಂದು ಏನಿರ್ತಿತ್ತು ಹೇಳೋಕೆ?”

“ಏನೂ ಆಗಿಲ್ಲ ಅಂತ ಹೇಳ್ತಿದ್ದೆ, ಸ್ವಾಮಿ.”

ಕೋರ್ಟು ಗೊಳ್ಳೆಂದಿತು. ನ್ಯಾಯಾಧೀಶರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅದು ನೆಗಡಿಗೋ ನಗುವಿಗೋ ತಿಳಿಯಲಿಲ್ಲ. ಬೇರೆ ಯಾವ ಉದ್ದೇಶವೂ ಇರಲಿಲ್ಲವೇ ಎಂದು ಅವರು ಕೇಳಿದಾಗ ಜೇಬೆಸ್ ಹೆಸ್ಟರಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಕೇಸು ಮುಗಿದ ಮೇಲೆ ಅವಳನ್ನು ಮದುವೆಯಾಗುವ ಆಸೆ ಎಂದು ಇಡೀ ಊರಿನ ಮುಂದೆ ಹೇಳಿಬಿಟ್ಟ. ಹೇಳಿದ್ದನ್ನು ಪಕ್ಕದಲ್ಲಿ ಕೂತಿದ್ದ ಕೋರ್ಟಿನ ಗುಮಾಸ್ತ ಬರೆದುಕೊಂಡ. ಪಿಲ್ಲಿಂಗ್ ಮೆಲ್ಲಗೆ ಕೂತು ಕನ್ನಡಕ ತೆಗೆದು ಒರೆಸಿದ. ಅಷ್ಟು ಒಳ್ಳೆಯ ಉದ್ದೇಶ ಅವನ ಕಿಟಕಿಯಿಂದ ಕಂಡಿರಲಿಲ್ಲ.

ನ್ಯಾಯಾಧೀಶರು ಆ ಸಾಲನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿ, ಹೆಸ್ಟರಳನ್ನು ಕರೆದರು.

“ಮಿಸೆಸ್ ಕ್ಲೆಗ್, ಮನೆಯಿಂದ ಒಲೆ ಹತ್ತಿರ ಹೋಗೋಕೆ ಹೊರಗೆ ಕಾಲಿಡಬೇಕಾ?”

“ಹೌದು ಸ್ವಾಮಿ. ಅಂಗಳ ದಾಟಬೇಕು.”

“ಮಳೆ ಬಂದ್ರೆ?”

“ಪೈ ತಟ್ಟೆ ಮೇಲೆ ಶಾಲು ಹೊದಿಸ್ತೀನಿ. ನಾನು ನೆನೀತೀನಿ.”

ಹಾಗಾದರೆ ಒಲೆ ಮನೆಗೆ ಸೇರಿದ್ದಲ್ಲ ಎಂದು ನ್ಯಾಯಾಧೀಶರು ಹೇಳಿದರು. ಮನೆ ವಿಧವೆಯಾಗಿರುವವರೆಗೆ, ಒಲೆ ಬದುಕಿರುವವರೆಗೆ. ಮದುವೆಯಾದರೂ ಒಲೆ ಅವಳದ್ದೇ. ಇಷ್ಟಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಏಳು ವರ್ಷದಲ್ಲಿ ಬರೆದ ನೂರಾರು ಪ್ರಶ್ನೆಗಳಲ್ಲಿ, ಮಳೆ ಬಂದರೆ ಏನು ಮಾಡುತ್ತೀಯಮ್ಮ ಎಂದು ಕೇಳಲು ಯಾರಿಗೂ ತೋಚಿರಲಿಲ್ಲ. ಸೋತ ಏಮಸ್ ಎದ್ದು ಅತ್ತಿಗೆಯ ಕೈ ಕುಲುಕಿದ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಕೋರ್ಟು ಆವತ್ತು ಸುಳ್ಳು ಮಾಡಿತು ಎಂದೇ ಎಲ್ಲರೂ ಹೇಳಿಕೊಂಡು ಮನೆಗೆ ಹೋದರು.

ಐದು ಗಂಟೆಗೆ ಜೇಬೆಸ್ ಹಿತ್ತಲ ಬಾಗಿಲು ತಟ್ಟಿದ. ಶುಕ್ರವಾರ ತಾನೇ? ಈ ಸಲ ಪಿಲ್ಲಿಂಗ್ ಕಿಟಕಿಯಿಂದ ಕೈ ಬೀಸಿದ.

ಹೆಸ್ಟರ್ ತಟ್ಟೆ ಇಟ್ಟಳು. ಪೈ ಬಿಸಿಯಾಗಿತ್ತು, ಅಂಚಿನಲ್ಲಿ ರಸ ಕುದಿಯುತ್ತಿತ್ತು. ಅವಳು ಎದುರಿಗೆ ಕೂತಳು. ಕೇಸು ಮುಗಿಯಿತಲ್ಲ ಎಂದು ಇವನೇ ಶುರುಮಾಡಿದ.

“ಮುಗೀತು. ಅದಕ್ಕೇ ಹೆದರಿಕೆ” ಎಂದಳು. “ನೋಡಿ ಮಿಸ್ಟರ್ ಹೋಲ್ಡನ್, ಆವತ್ತು ನೀವು ಕೇಳಿದಾಗ ಒಳ್ಳೇ ಮನುಷ್ಯನಿಗೆ ಮುಖದ ಮೇಲೆ ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಕೇಸು ಮುಗೀಲಿ ಅಂದೆ. ಈ ಕೋರ್ಟಿನ ಕೇಸು ಯಾರ ಜೀವಮಾನದಲ್ಲಿ ಮುಗಿದಿದೆ ಹೇಳಿ? ಅದನ್ನ ನಂಬ್ಕೊಂಡಿದ್ದೆ.”

ಜೇಬೆಸ್ ಪೈ ಮುಟ್ಟಲಿಲ್ಲ. ತಾನು ಅಷ್ಟು ಬೇಡದವನೇ ಎಂದು ಕೇಳಿದ.

“ಬೇಡದೋರಿಗೆ ಏಳು ವರ್ಷ ಬಿಸಿ ಪೈ ಇಡ್ತಾರಾ?” ಎಂದಳು. “ಇವತ್ತು ಆ ಸ್ವಾಮಿ ಒಲೆ ನನ್ನದು ಅಂದ್ರು. ಮದುವೆ ಆದ ದಿನ ಅದು ಯಾರದಾಗುತ್ತೆ? ನೀವು ಕಾನೂನು ತಿಳಿದೋರು, ಹೇಳಿ.”

ಹೆಂಡತಿಯದೆಲ್ಲ ಗಂಡನದು. ಅದನ್ನು ಜೇಬೆಸ್ ಕೊಂಕು ಅಕ್ಷರದಲ್ಲಿ ಎಷ್ಟು ಸಲ ಬರೆದಿದ್ದನೋ ಲೆಕ್ಕವಿಲ್ಲ. ಒಳಸಂಚಿನ ಸಾಲಿನ ಹಾಗೆ ಅದನ್ನೂ ಕೈ ಬರೆದಿತ್ತು, ತಲೆ ಓದಿರಲಿಲ್ಲ. ನಾನು ಅದನ್ನು ಕಿತ್ತುಕೊಳ್ಳುವವನಲ್ಲ ಎಂದ.

“ಗೊತ್ತು. ಆದ್ರೆ ನನ್ನ ಒಲೆ ನನಗೆ ಕೊಡೋರು ನೀವಾಗ್ತೀರಲ್ಲ.”

ಒಲೆ ಹೆಂಡತಿಯ ಹೆಸರಿನಲ್ಲೇ ಉಳಿಯುವಂತೆ ಒಂದು ಪತ್ರ ಮಾಡಿಸಬಹುದು, ಚಾನ್ಸರಿ ಅದಕ್ಕೆ ಒಪ್ಪುತ್ತದೆ ಎಂದು ಅವನು ಆಸೆಯಿಂದ ಹೇಳಿದ.

“ಯಾರು ಬರೀತಾರೆ ಆ ಪತ್ರಾನ?”

“ನಾನೇ.”

ಹೆಸ್ಟರ್ ಅವನನ್ನು ನೋಡಿದಳು. ಮೆಲ್ಲಗೆ ಕಣ್ಣು ತಿರುಗಿಸಿ, ಬಾಗಿಲಾಚೆ ಅಂಗಡಿಯಲ್ಲಿ ಹಿಟ್ಟಿನ ಪೆಟ್ಟಿಗೆಯ ಗಿಡ್ಡ ಕಾಲಿನ ಕೆಳಗೆ ಮತ್ತೆ ಸೇರಿಕೊಂಡಿದ್ದ ಅಚ್ಚಿನ ಹಾಳೆಯನ್ನು ನೋಡಿದಳು. ಜೇಬೆಸ್ ತಲೆ ತಗ್ಗಿಸಿದ.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆದು ಏಮಸ್ ಒಳಗೆ ಬಂದ. ಓಡಿ ಬಂದಂತೆ ಏದುಸಿರು.

“ಪಾರ್ ಅವರನ್ನ ಕೇಳ್ದೆ ಅತ್ತಿಗೆ. ಆಗುತ್ತಂತೆ. ಹೊಸ ಕಾಯಿದೇಲೇ ಇದೆಯಂತೆ, ಅಪೀಲು ಅಂತ. ಸೋತವನು ನಾನು ತಾನೇ, ನಾನೇ ಹಾಕಬೇಕಂತೆ” ಎಂದವನು ಜೇಬೆಸನನ್ನು ಕಂಡು ಬಾಯಿ ಮುಚ್ಚಿಕೊಂಡ.

ಜೇಬೆಸ್ ಇಬ್ಬರ ಮುಖವನ್ನೂ ನೋಡಿದ. ಗೆದ್ದವಳೇ ಸೋತವನನ್ನು ಅಪೀಲಿಗೆ ಕಳಿಸಿದ್ದಳು. ಹೆಸ್ಟರ್ ಕೆಂಪಾದಳು, ಆದರೂ ಕಣ್ಣು ತಪ್ಪಿಸಲಿಲ್ಲ. ಅಪೀಲು ಕೇಳುವವರು ಯಾರು ಎಂದು ಅವನನ್ನೇ ಕೇಳಿದಳು. ದೊಡ್ಡ ನ್ಯಾಯಾಧೀಶರು, ಲಂಡನ್ನಿನಲ್ಲಿ ಇರುವವರು ಎಂದ. ಅವರು ಯಾವಾಗ ಕೂರುತ್ತಾರೆ ಎಂದಳು.

“ಅವರಿಗೆ ಬಿಡುವಾದಾಗ. ಯಾವಾಗ ಅಂತ ಯಾರಿಗೂ ಗೊತ್ತಿಲ್ಲ.”

ಹೆಸ್ಟರಳ ಮುಖ ಹಗುರಾಯಿತು. ಅಂಥ ನಿರಾಳವನ್ನು ಅವನು ಆ ಮುಖದಲ್ಲಿ ಬ್ರೆಡ್ಡು ಚೆನ್ನಾಗಿ ಉಬ್ಬಿದ ದಿನ ಮಾತ್ರ ಕಂಡಿದ್ದ. ಮೊದಲ ಗಂಡ ತನ್ನ ಜೊತೆ ಇದ್ದದ್ದು ಎರಡು ವರ್ಷ, ಈ ಶುಕ್ರವಾರಗಳು ಇದ್ದದ್ದು ಏಳು ವರ್ಷ, ಯಾವುದು ಗಟ್ಟಿ ನೀವೇ ಹೇಳಿ ಎಂದಳು. ಪೈ ಆರುತ್ತಿದೆ, ತಿನ್ನಿ ಎಂದಳು. ಅವನು ತಿಂದ. ರುಚಿಯಾಗಿತ್ತು, ಅದೇ ದೊಡ್ಡ ಸಂಕಟ.

“ಅಪೀಲು ನೀನೇ ಬರೀಬೇಕು ಜೇಬೆಸ್. ಬೇರೆಯವರು ಬರೆದ್ರೆ ನನಗೆ ಭಯ” ಎಂದ ಏಮಸ್.

ಆರೂವರೆಗೆ ಅವನು ಕಚೇರಿಯಲ್ಲಿ ದೀಪ ಏರಿಸಿ ಕೂತಾಗ ಪಾರ್ ಇನ್ನೂ ಮನೆಗೆ ಹೋಗಿರಲಿಲ್ಲ. ಮುದುಕ ಏನೂ ಕೇಳದೆ ತನ್ನ ಒಳ್ಳೆಯ ಲೇಖನಿಯನ್ನು ಮುಂದೆ ಸರಿಸಿದ. ಜೇಬೆಸ್ ಬರೆಯತೊಡಗಿದ. ‘ವಾದಿಯಾದ ಏಮಸ್ ಕ್ಲೆಗ್ ಎಂಬಾತನು...’ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ‘...ಪ್ರತಿವಾದಿಯಾದ ಹೆಸ್ಟರ್ ಕ್ಲೆಗ್ ಎಂಬಾಕೆಯೊಡನೆ ಸೇರಿ, ಒಳಸಂಚು ಮಾಡಿ...’

ಲೇಖನಿ ನಿಂತಿತು. ಇಪ್ಪತ್ತು ವರ್ಷದಲ್ಲಿ ಆ ಸಾಲನ್ನು ಸಾವಿರ ಜನರ ಮೇಲೆ ಬರೆದಿದ್ದ, ಒಂದು ಸಲವೂ ನಿಜವಿರಲಿಲ್ಲ. ಈಗ, ಮೊದಲ ಬಾರಿಗೆ, ಪ್ರತಿಯೊಂದು ಅಕ್ಷರವೂ ನಿಜವಾಗಿತ್ತು.

“ಯಾಕೆ ನಿಲ್ಲಿಸ್ದೆ?” ಎಂದ ಪಾರ್.

“ಈ ಸಾಲು ಈಗ ಬರೆಯೋ ಹಾಗಿಲ್ಲ, ಅಲ್ವಾ?”

“ಇಲ್ಲಪ್ಪ. ಹೊಸ ಕಾಯಿದೆ. ಟೋಪಿ ಹಾರಿಸಿದೋನು ನೀನೇ ಅಲ್ವಾ?”

ಜೇಬೆಸ್ ಆ ಸಾಲನ್ನು ನೀಟಾಗಿ ಹೊಡೆದುಹಾಕಿ, ಕೆಳಗಿನಿಂದ ಮತ್ತೆ ಬರೆದ. ಅವಸರವಿರಲಿಲ್ಲ. ಬರುವ ಶುಕ್ರವಾರ ಹಿತ್ತಲ ಬಾಗಿಲಲ್ಲಿ ಹೇಳಬೇಕಾದ ಸುದ್ದಿ ಆಗಲೇ ಸಿದ್ಧವಾಗಿತ್ತು: ಏನೂ ಆಗಿಲ್ಲ.